ಆರ್ವಿಲ್ ನಡಿಗೆಯನ್ನು ನಿಲ್ಲಿಸಿದ ಬಾಗಿಲು

ಆರ್ವಿಲ್ ಟೀಗ್ ಭಾನುವಾರ ಮಧ್ಯಾಹ್ನ ತೀರಿಕೊಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚರ್ಮದ ಜಾಕೆಟ್ಟು, ಬೂಟು ತೊಟ್ಟು ಒಂದೇ ಬಳಗವೆಂದುಕೊಂಡ ನಮ್ಮ ಜನ ವರ್ಷಕ್ಕೊಮ್ಮೆ ನಡೆಯುವ ನಡಿಗೆಯ ನಡುವೆ, ಫಾಲ್ಸಮ್ ಬೀದಿಗೆ ಇನ್ನೇನು ತಲುಪಬೇಕು ಅನ್ನುವಾಗ, ಮಡಿಸುವ ಕುರ್ಚಿಯ ಮೇಲೆ ಕೂತಲ್ಲೇ ಅವನ ಹೃದಯ ನಿಂತಿತು. ಎಪ್ಪತ್ತೆಂಟಾಗಿತ್ತು. ಮದುವೆ, ಮಕ್ಕಳು ಇರಲಿಲ್ಲ. ಬೂಟು ಪಾಲಿಶಿನ ಒಂದು ಮರದ ಪೆಟ್ಟಿಗೆ ಇತ್ತು, ಲೋರ್ನಾ ಕ್ವಿಸ್ಟ್ ಇದ್ದಳು.

ಲೋರ್ನಾ ಸಿಟಿ ಬಸ್ಸು ಓಡಿಸುತ್ತಿದ್ದವಳು. ಮೊದಲ ಸಲ ಅವಳು 'ಬ್ರಾಸ್ ಬಕಲ್' ಬಾರಿಗೆ ಕಾಲಿಟ್ಟಾಗ ಡ್ಯೂಟಿಯ ಬೂಟಿನಲ್ಲೇ ಇದ್ದಳು. ಒಳಗೆಲ್ಲ ಕಪ್ಪು ಜಾಕೆಟ್ಟಿನ ಗಂಡಸರು, ಗಂಡಸರನ್ನೇ ಪ್ರೀತಿಸುವವರು. ಹೆಂಗಸೊಬ್ಬಳು ಬಂದಳೆಂದು ಕೆಲವರು ಮುಸಿಮುಸಿ ನಕ್ಕರು. ಮೂಲೆಯಲ್ಲಿ ಎತ್ತರದ ಕುರ್ಚಿಯ ಬುಡದಲ್ಲಿ ಕೂತು ಯಾರದೋ ಬೂಟು ಉಜ್ಜುತ್ತಿದ್ದ ಆರ್ವಿಲ್ ಕತ್ತೆತ್ತಿದ.

"ಏಳೋ, ನೀನು ಏಳು. ಈ ಯಮ್ಮನ ಬೂಟು ನಿಮ್ಮೆಲ್ಲರ ಬೂಟಿಗಿಂತ ಜಾಸ್ತಿ ದುಡಿದಿದೆ. ಬಾರಮ್ಮ, ಕೂತ್ಕೋ."

ಅವತ್ತು ಕೂತವಳಿಗೆ ಆ ಮೂಲೆಯೇ ಮನೆಯಾಯಿತು.

ಪಾಲಿಶ್ ಮಾಡುವವನ ಎದುರು ಕೂತರೆ ಜನ ಮಾತಾಡುತ್ತಾರೆ. ಅವನು ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ, ಅದಕ್ಕೇ ಇರಬೇಕು. ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳಿ ಎದ್ದುಹೋದವರು ಎಷ್ಟೋ. ಏಡ್ಸ್ ಬಂದು ಒಬ್ಬೊಬ್ಬರನ್ನೇ ಮಲಗಿಸತೊಡಗಿದಾಗ ಆರ್ವಿಲ್ ಪೆಟ್ಟಿಗೆ ಹೊತ್ತು ವಾರ್ಡಿಗೆ ಹೋದ. ಇನ್ನೆಂದೂ ಎದ್ದು ನಿಲ್ಲದವರ ಬೂಟುಗಳನ್ನು ಹೊಳೆಯುವಂತೆ ತಿಕ್ಕಿ, ಮಲಗಿದಲ್ಲಿಂದಲೇ ಕಾಣುವ ಹಾಗೆ ಕಿಟಕಿಯ ಅಂಚಿನಲ್ಲಿ ಇಟ್ಟು ಬರುತ್ತಿದ್ದ. "ಯಾತಕ್ಕೆ ಇದೆಲ್ಲ?" ಎಂದು ನರ್ಸೊಬ್ಬಳು ಕೇಳಿದಾಗ, "ಅವನಿಗೆ ತಾನು ಯಾರು ಅಂತ ಮರೀಬಾರದಲ್ಲ" ಎಂದಿದ್ದ.

ಸತ್ತವರನ್ನು ಅವರವರ ಮನೆಯವರು ಒಯ್ದರು. ಕೋಟು, ಟೈ ಹಾಕಿಸಿ ಮಣ್ಣು ಮಾಡಿದರು. ಸ್ನೇಹಿತರನ್ನು ಹತ್ತಿರ ಸೇರಿಸಲಿಲ್ಲ. ಹಾಗಾಗಿ ಉಳಿದವರು ಬ್ರಾಸ್ ಬಕಲ್ ಬಾಗಿಲಲ್ಲಿ ನಿಂತು ಹೋದವನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಅಂತ್ಯಕ್ರಿಯೆ ಎಂದರೆ ಅಷ್ಟೇ. ಬಾರು ಮುಚ್ಚಿತು, ಕಟ್ಟಡ ಬಿತ್ತು, ಗಾಜಿನ ಬಾಗಿಲಿನ ಅಪಾರ್ಟ್‌ಮೆಂಟ್ ಎದ್ದಿತು. ನಡಿಗೆ ಅಲ್ಲಿಗೆ ಬಂದಾಗಲೆಲ್ಲ ಆರ್ವಿಲ್ ಕೈಯೆತ್ತುತ್ತಿದ್ದ, ಎಲ್ಲರೂ ನಿಲ್ಲುತ್ತಿದ್ದರು, ಅವನು ಎಲ್ಲ ಹೆಸರನ್ನೂ ಹೇಳುತ್ತಿದ್ದ.

ತನ್ನ ಬೂಟನ್ನು ಮಾತ್ರ ಅವನು ಯಾರಿಗೂ ಮುಟ್ಟಗೊಟ್ಟವನಲ್ಲ. ಒಮ್ಮೆ ಲೋರ್ನಾ ಬಟ್ಟೆ ಹಿಡಿದು ಹತ್ತಿರ ಬಂದಾಗ ಕಾಲು ಹಿಂದಕ್ಕೆಳೆದುಕೊಂಡಿದ್ದ. "ನನ್ನ ಕೆಲಸ ಇನ್ನೊಬ್ಬರು ವಹಿಸ್ಕೊಳ್ಳೋ ದಿನ ಬರಲಿ, ಆಗ ನೋಡೋಣ."

ಈ ವರ್ಷ ನಡಿಗೆಯ ಸಮಿತಿ, ದಾರಿಯಲ್ಲಿ ಎಲ್ಲೂ ನಿಲ್ಲಕೂಡದು ಎಂದು ತೀರ್ಮಾನಿಸಿತು. ಅಪಾರ್ಟ್‌ಮೆಂಟಿನವರ ದೂರು, ಹಿಂದೆ ಸಾಲುಗಟ್ಟುವ ವಾಹನಗಳು. ಹೇಳಲು ಬಂದವಳು ನಡಿಗೆಯ ಮುಂದಾಳು ಡೆಲ್ಫೀನ್ ಬಟಿಸ್ಟ್.

"ಬೇಜಾರು ಮಾಡ್ಕೋಬೇಡಿ ಆರ್ವಿಲ್. ಫಾಲ್ಸಮ್ ಮುಟ್ಟಿದ ಮೇಲೆ ವೇದಿಕೆ ಇದೆ, ಮೈಕ್ ಇದೆ. ಅಲ್ಲೇ ಹೇಳಿ."

"ಅವರು ವೇದಿಕೇಲಿ ನಿಂತಿರಲಿಲ್ಲ ಕ್ಯಾಪ್ಟನ್ನಮ್ಮ. ಬಾಗಿಲಲ್ಲಿ ನಿಂತಿದ್ರು."

"ನಿಂತರೆ ಮುಂದಿನ ವರ್ಷ ನಡಿಗೆಗೇ ಕುತ್ತು ಬರುತ್ತೆ."

ಅವನು ವಾದಿಸಲಿಲ್ಲ. ಲೋರ್ನಾಗೆ ಅದರಿಂದಲೇ ಅನುಮಾನ ಹುಟ್ಟಿತು.

ಭಾನುವಾರ ಒಳ್ಳೇ ಬಿಸಿಲಿತ್ತು. ಮುಂದೆ ನಮ್ಮ ಬಳಗದ, ಕಪ್ಪು-ನೀಲಿ ಪಟ್ಟೆಯ, ಕೆಂಪು ಹೃದಯದ ದೊಡ್ಡ ಬಾವುಟವನ್ನು ಅಡ್ಡಕ್ಕೆ ಹಿಡಿದವರು. ಅವರ ಹಿಂದೆಯೇ ಆರ್ವಿಲ್, ಪೆಟ್ಟಿಗೆ ಹೊತ್ತ ಲೋರ್ನಾ. ಅವನ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮಂಡಿಯೂರಿದರೆ ಏಳಲಾಗುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಗಾಜಿನ ಬಾಗಿಲ ಮುಂದೆ ಬಂದಾಗ ಅವನು ಕೈಯೆತ್ತಲಿಲ್ಲ.

"ಲೇ ಡ್ರೈವರಮ್ಮ, ನಿನ್ನ ಬೂಟಿನ ಲೇಸು ಬಿಚ್ಚಿದೆ."

"ಎಲ್ಲೋ ಬಿಚ್ಚಿದೆ? ಕಣ್ಣಿಗೆ ಪೊರೆ ಬಂತಾ?"

"ಬಿಚ್ಚಿದೆ ಅಂದ್ನಲ್ಲ."

ಅವಳ ಭುಜ ಹಿಡಿದು, ಹಲ್ಲು ಕಚ್ಚಿ, ಅವನು ನಡುರಸ್ತೆಯಲ್ಲಿ ಮಂಡಿಯೂರಿದ. ಲೇಸನ್ನು ತಾನೇ ಬಿಚ್ಚಿದ. ಪೆಟ್ಟಿಗೆ ಎಳೆದುಕೊಂಡು ಬೂಟಿಗೆ ಮೇಣ ಹಚ್ಚತೊಡಗಿದ. ಹಿಂದಿನವರು ನಿಂತರು, ಅವರ ಹಿಂದಿನವರೂ ನಿಂತರು. ಬೈಕಿನಲ್ಲಿದ್ದ ಪೊಲೀಸಿನವನು ಬಂದ.

"ಏನ್ರೀ ಇದು?"

"ಲೇಸು ಸಾರ್," ಎಂದ ಆರ್ವಿಲ್. "ಎಡವಿ ಬಿದ್ರೆ ನಿಮಗೇ ತಲೆನೋವು."

ಪೊಲೀಸಿನವನು ಮೇಣದ ಡಬ್ಬಿಯನ್ನೂ ಮುದುಕನ ಮುಖವನ್ನೂ ನೋಡಿದ. "ಬೇಗ ಕಟ್ಟಿ," ಎಂದು ಬೈಕಿನ ಕಡೆಗೇ ನಡೆದ.

ಬಟ್ಟೆ ಎಳೆಯುತ್ತ ಆರ್ವಿಲ್ ಹೇಳತೊಡಗಿದ: "ಗಾರ್ಡಿ. ಲೆಸ್ಟರ್. ಉದ್ದನೆಯ ವಾರೆನ್. ಎಪಿಫಾನಿಯೊ." ಒಂದೊಂದು ಎಳೆತಕ್ಕೆ ಒಂದೊಂದು ಹೆಸರು. ಸುತ್ತಲಿನವರು ತಾವೂ ಬಗ್ಗಿ ತಮ್ಮ ತಮ್ಮ ಲೇಸು ಬಿಚ್ಚಿದರು. ರಸ್ತೆಯುದ್ದಕ್ಕೂ ಕರಿ ಬೆನ್ನುಗಳೇ ಕಂಡವು. ಮುಂದಿದ್ದ ಡೆಲ್ಫೀನ್ ಹಿಂದಿರುಗಿ ಓಡಿಬಂದಳು, ಬೈಯಲೆಂದೇ ಬಂದವಳು. ಅಷ್ಟರಲ್ಲಿ ಆರ್ವಿಲನ ಉಸಿರು ಕಟ್ಟಿತು. ತುಟಿ ಆಡಿತು, ಹೆಸರು ಬರಲಿಲ್ಲ.

"ಸಾಕು ಬಿಡೋ," ಎಂದಳು ಲೋರ್ನಾ.

ಅವನು ಇಲ್ಲವೆಂದು ತಲೆಯಾಡಿಸಿದ. ಇನ್ನೂ ಬಹಳ ಮಂದಿ ಬಾಕಿಯಿದ್ದರು.

ಇಬ್ಬರು ಸೇರಿ ಅವನನ್ನು ಎತ್ತಿ, ಯಾರೋ ಬಿಡಿಸಿದ ಕುರ್ಚಿಯಲ್ಲಿ ಕೂರಿಸಿದರು. ಡೆಲ್ಫೀನ್ ನೆಲದ ಮೇಲೆ ಬಿದ್ದಿದ್ದ ಬಟ್ಟೆಯನ್ನು ನೋಡಿದಳು. ಮಂಡಿಯೂರಿ ಅದನ್ನು ಎತ್ತಿಕೊಂಡಳು. "ಕ್ಲೈಡ್," ಎಂದಳು. "ಆಸ್ಕರ್. ದೋಣಿಯ ಸ್ಟಾನ್ಲಿ." ಪ್ರತಿ ವರ್ಷ ಅವಸರದಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಿದ್ದವಳಿಗೆ ಎಲ್ಲ ಹೆಸರೂ ಬಾಯಿಪಾಠವಾಗಿತ್ತು. ಕೊನೆಯ ಹೆಸರಿನವರೆಗೂ ಹೇಳಿ, ಲೋರ್ನಾಳ ಲೇಸು ಬಿಗಿದು, ಕುರ್ಚಿಯ ಕಡೆಗೆ ತಿರುಗಿದಳು.

"ಮುಂದಿನ ವರ್ಷ ನನ್ನ ಲೇಸು ಇಲ್ಲೇ ಬಿಚ್ಚುತ್ತೆ," ಎಂದಳು. "ಈಗ ನಿಮ್ಮ ಬೂಟು ಕೊಡಿ."

ಆರ್ವಿಲ್ ಲೋರ್ನಾಳ ಮುಖ ನೋಡಿದ. ಆಮೇಲೆ ಪ್ಯಾಂಟಿನ ಅಂಚನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿಕೊಂಡು, ಬಲಗಾಲನ್ನು ಮುಂದೆ ಚಾಚಿದ.