ಬೈಯುವವರನ್ನು ಕರೆತನ್ನಿ

ಬೆಳಗಿನ ಐದು ಗಂಟೆ. ಚಳ್ಳಕೆರೆಯ ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ಶಟರ್ ಎದ್ದಿರುವುದು ಎರಡೇ ಕಡೆ. ಒಂದು ಟೀ ಅಂಗಡಿ, ಇನ್ನೊಂದು ತ್ರಿವೇಣಿಯವರ ಟೈಪಿಂಗ್ ಅಂಗಡಿ. ಒಳಗೆ ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಮೂರು ಪ್ಲಾಸ್ಟಿಕ್ ಕುರ್ಚಿ. ಸ್ವೆಟರ್ ಮೇಲೆ ಶಾಲು ಹೊದ್ದ ತ್ರಿವೇಣಿ ಪರದೆಯ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಕಾವ್ಯ, ವಯಸ್ಸು ಇಪ್ಪತ್ತೆರಡು, ಉಗುರು ಕಚ್ಚುತ್ತಿದ್ದಾಳೆ. ಗೋಡೆಗೊರಗಿ ಅವಳ ಅಜ್ಜಿ ಲಕ್ಷ್ಮಕ್ಕ, ಬಾಯಲ್ಲಿ ಎಲೆ ಅಡಿಕೆ.

ಕಾವ್ಯ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಹುಲ್ಲುಗಾವಲಿನ ಬಗ್ಗೆ ಓದುವ ಒಂದು ವರ್ಷದ ಎಂ.ಎಸ್ಸಿ. ಅಲ್ಲಿ ರಾತ್ರಿ ಹನ್ನೆರಡಕ್ಕೆ ಗಡುವು ಮುಗಿಯುತ್ತದೆ, ಅಂದರೆ ಇಲ್ಲಿ ಐದೂವರೆಗೆ. ಅಂಕಪಟ್ಟಿ, ಪಾಸ್‌ಪೋರ್ಟ್ ಎಲ್ಲ ಏರಿಸಿಯಾಗಿದೆ. ಉಳಿದಿರುವುದು ಪರ್ಸನಲ್ ಸ್ಟೇಟ್‌ಮೆಂಟ್. ನಾನು ಯಾರು, ಈ ಕೋರ್ಸು ನನಗೇ ಯಾಕೆ ಎಂದು ಒಂದೂವರೆ ಪುಟದಲ್ಲಿ ತಾನೇ ಹೇಳಿಕೊಳ್ಳುವ ಬರಹ. ಅದೂ ಸಿದ್ಧವಿದೆ. ಆದರೆ ಕಾವ್ಯಳಿಗೆ ಈಗ ಅದರ ಮೊದಲ ಪ್ಯಾರಾ ಅಳಿಸಬೇಕು ಅನಿಸಿಬಿಟ್ಟಿದೆ.

"ಅಕ್ಕಾ, ಆಡಿನ ವಿಷ್ಯ ಬ್ಯಾಡ. ನಗ್ತಾರೆ ಅವ್ರು."

"ಯಾರ್ ನಗ್ತಾರೆ? ಅವ್ರ ದೇಶದಾಗೂ ಕುರಿ ಮೇಯಿಸ್ತಾರೆ ಕಣೇ."

"ನಗ್ಲಿ ಬಿಡು," ಎನ್ನುತ್ತಾರೆ ಲಕ್ಷ್ಮಕ್ಕ. "ನಗೋ ಕೆಲ್ಸನೇ ಮಾಡೀಯ."

ಆ ಪ್ಯಾರಾ ಹುಟ್ಟಿದ್ದೇ ಅಜ್ಜಿಯ ಬೈಗುಳದಿಂದ. ಕಾವ್ಯ ಮೊದಲು ಬರೆದು ತಂದಿದ್ದ ಪುಟದಲ್ಲಿ 'ಬಾಲ್ಯದಿಂದಲೂ ನನಗೆ ಪ್ರಕೃತಿಯೆಂದರೆ ಪ್ರೀತಿ' ಎಂಬಂಥ ಸಾಲುಗಳಿದ್ದವು. ತ್ರಿವೇಣಿ ಓದಿ ಕೇಳಿದ್ದು ಒಂದೇ: "ಮನ್ಯಾಗೆ ನಿನ್ನ ಯಾರು ಜಾಸ್ತಿ ಬೈತಾರೆ? ಅವ್ರನ್ನ ಕರ್ಕಂಡ್ ಬಾ." ನೂಲು ಸುತ್ತುವ ಕೆಲಸ ಮುಗಿಸಿ ಲಕ್ಷ್ಮಕ್ಕ ಬಂದದ್ದು ನಿನ್ನೆ ಸಂಜೆಯ ಬಸ್ಸಿಗೆ. ಬಂದವರೇ ಶುರು ಮಾಡಿದರು.

"ಅಯ್ಯೋ ದೇವುಡಾ, ಏನ್ ಹೇಳ್ಲವ್ವಾ! ಆಡು ಕಾಯೋಕೆ ಕಳ್ಸಿದ್ರೆ ಗುಡ್ಡದಾಗೆ ಹುಲ್ಲು ಎಣಿಸ್ಕಂಡು ಕುಂತಿರ್ತಾಳೆ. ನಾಕು ಕಡ್ಡಿ ನೆಟ್ಟು ಚೌಕ ಮಾಡಿ, ಅದ್ರೊಳಗಿನ ಹುಲ್ಲು ಮಾತ್ರ ಎಣಿಸೋದು. ಕಡ್ಡಿಗೆ ಸುತ್ತೋಕೆ ಸೀರೆ ನೇಯೋ ಕೆಂಪು ರೇಷ್ಮೆ! ನನ್ ನೂಲು ಕದ್ದು! ಕಾರ ಹುಣ್ಣಿಮೆ ದಿನ ಆಡು ತಾವೇ ಮನೆಗೆ ಬಂದ್ವು, ಇವ್ಳು ಬರ್ಲಿಲ್ಲ. ಹದಿನೈದು ದಿನಕ್ಕೊಂದ್ಸಲ ಇದೇ ಗೋಳು, ಮೂರು ವರ್ಷ ಆತು."

ತ್ರಿವೇಣಿ ಎಲ್ಲವನ್ನೂ ಗುರುತು ಹಾಕಿಕೊಂಡರು. ಮೂರು ವರ್ಷ, ಹದಿನೈದು ದಿನಕ್ಕೊಮ್ಮೆ, ಅದೇ ಚೌಕ. ಆಡು ಮೇಯ್ದ ಮೇಲೆ ಯಾವ ಹುಲ್ಲು ಮೊದಲು ಚಿಗುರುತ್ತದೆ ಎಂಬ ಲೆಕ್ಕವಿರುವ ಎರಡು ನೋಟ್‌ಬುಕ್ಕುಗಳು ಆಗ ಕಾವ್ಯಳ ಚೀಲದಿಂದ ಹೊರಬಂದವು. ತಾನು ಆಡು ಕಾಯುತ್ತೇನೆ ಎನ್ನಲು ನಾಚಿ ಅವಳು ಅವನ್ನು ಕಾಲೇಜಿನಲ್ಲೂ ಯಾರಿಗೂ ತೋರಿಸಿರಲಿಲ್ಲ.

ನಲವತ್ತಾರು ವರ್ಷದ ತ್ರಿವೇಣಿಯವರ ನಿತ್ಯದ ಕೆಲಸ ಬೇರೆಯೇ. ಪಹಣಿ ತಿದ್ದುಪಡಿ, ವಿಧವಾ ವೇತನ, ಜಾತಿ ಪ್ರಮಾಣಪತ್ರ ಎಂದು ದಿನಕ್ಕೆ ಮೂವತ್ತು ನಲವತ್ತು ಅರ್ಜಿ. ತಂದೆ ಜಂಬುಲಿಂಗಪ್ಪ ಇದೇ ಕಚೇರಿಯ ಬೇವಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರು. ಅವರು ಹಾಸಿಗೆ ಹಿಡಿದಾಗ ಇಂಗ್ಲಿಷ್ ಸೀನಿಯರ್ ಟೈಪಿಂಗ್ ಪಾಸಾಗಿದ್ದ ಮಗಳು ಆ ಜಾಗಕ್ಕೆ ಬಂದರು. ಹೊರದೇಶದ ಕಾಲೇಜಿನ ಬರಹಗಳು ಬರತೊಡಗಿದ್ದು ಎಂಟು ವರ್ಷದಿಂದ. ಇದುವರೆಗೆ ನಲವತ್ತಮೂರು, ಸೀಟು ಸಿಕ್ಕಿದ್ದು ಹತ್ತೊಂಬತ್ತು ಜನಕ್ಕೆ.

"ನಾನು ಬರೆಯಲ್ಲ," ಎನ್ನುತ್ತಾರೆ ಅವರು. "ಕೇಳಿಸ್ಕಂತೀನಿ, ಟೈಪ್ ಮಾಡ್ತೀನಿ, ತಪ್ಪಿದ್ರೆ ತಿದ್ತೀನಿ. ಬರೆಯೋರು ಅವರೇ. ನಮ್ ಹುಡುಗ್ರಿಗೆ ತಮ್ಮನ್ನ ತಾವು ಹೊಗಳ್ಕಳೋಕೆ ಬರಲ್ಲ. ಹೊಗಳೋರನ್ನ ಕರ್ಕಂಡ್ ಬಂದ್ರೆ 'ಒಳ್ಳೆ ಹುಡ್ಗ ಕಣ್ರಿ' ಅಂತಾರೆ, ಮುಗೀತು. ಬೈಯೋರು ಹಂಗಲ್ಲ. ತಾರೀಕು ಸಮೇತ ಹೇಳ್ತಾರೆ."

ಈ ಪಾಠ ಅವರಿಗೆ ಸುಮ್ಮನೆ ಸಿಕ್ಕಿಲ್ಲ. ಐದು ಹತ್ತಕ್ಕೆ ಡ್ರಾಯರ್ ಎಳೆದು ಹಳೆಯ ಹಾಳೆಯೊಂದನ್ನು ಕಾವ್ಯಳ ಕೈಗಿಡುತ್ತಾರೆ. ಅವರು ಟೈಪ್ ಮಾಡಿದ ಮೊಟ್ಟಮೊದಲ ಸ್ಟೇಟ್‌ಮೆಂಟ್ ಅದು. ನಾಯಕನಹಟ್ಟಿಯ ಚಿರಂಜೀವಿಯದು. ಆಗ ಅವರಿಗೆ ಗೊತ್ತಿದ್ದ ಬರಹ ಒಂದೇ, ತಹಶೀಲ್ದಾರರಿಗೆ ಕೊಡುವ ಅರ್ಜಿ. ಹಾಗಾಗಿ 'ಮಾನ್ಯರೇ, ತಮ್ಮಲ್ಲಿ ವಿನಂತಿ' ಎಂದು ಆರಂಭಿಸಿ, ತಂದೆಯ ಮಂಡಿನೋವು, ರೇಷನ್ ಕಾರ್ಡಿನ ನಂಬರ್, ಮದುವೆಗಿರುವ ಇಬ್ಬರು ತಂಗಿಯರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಸೇರಿಸಿ, 'ದಯಮಾಡಿ ಒಂದು ಸೀಟು ಮಂಜೂರು ಮಾಡಬೇಕು' ಎಂದು ಮುಗಿಸಿದ್ದರು. ಹದಿಮೂರನೇ ವಯಸ್ಸಿಗೇ ಪಂಪಿನ ಮೋಟಾರು ಬಿಚ್ಚಿ ಕಟ್ಟುತ್ತಿದ್ದ ಹುಡುಗ ಅವನು. ಆ ಮಾತು ಹಾಳೆಯಲ್ಲಿ ಎಲ್ಲೂ ಇಲ್ಲ. ಐದು ವಿಶ್ವವಿದ್ಯಾಲಯಗಳೂ ಬೇಡ ಎಂದವು.

"ಅದ್ರಾಗೆ ಅವನ ಕಷ್ಟ ಎಲ್ಲಾ ಇತ್ತು. ಅವನೇ ಇರ್ಲಿಲ್ಲ," ಎನ್ನುತ್ತಾರೆ ತ್ರಿವೇಣಿ. "ಈಗ ನೀನು ಆ ಪ್ಯಾರಾ ತೆಗೀತೀಯಾ? ತೆಗಿ. ನಿನ್ ಬರಹ, ನಿನ್ನಿಷ್ಟ."

ಕಾವ್ಯ ಹಾಳೆಯನ್ನು ಎರಡು ಸಲ ಓದುತ್ತಾಳೆ. ಅಜ್ಜಿಯ ಕಡೆ ನೋಡುತ್ತಾಳೆ. ಮೌಸ್ ಹಿಡಿದು ಪ್ಯಾರಾ ಅಳಿಸದೆ, ಅದರಲ್ಲಿ ಒಂದು ಪದ ಸೇರಿಸುತ್ತಾಳೆ: ನೂಲು ಎಂದಿದ್ದಲ್ಲಿ 'ಅಜ್ಜಿಯ' ನೂಲು. ಐದು ಇಪ್ಪತ್ತೊಂದಕ್ಕೆ ಅರ್ಜಿ ಹೋಗುತ್ತದೆ. ಲಕ್ಷ್ಮಕ್ಕ ಎದ್ದು ಎಲೆ ಅಡಿಕೆ ಉಗಿಯಲು ಹೊರಗೆ ಹೋಗುತ್ತಾರೆ. ತ್ರಿವೇಣಿ ಹಾಳೆಯನ್ನು ಮಡಿಸಿ ಮತ್ತೆ ಡ್ರಾಯರಿಗೆ ಹಾಕುತ್ತಾರೆ.

ಏಪ್ರಿಲ್ ಮೊದಲ ವಾರ ಅದೇ ಅಂಗಡಿ. ಕಾವ್ಯಳಿಗೆ ಸೀಟು ಸಿಕ್ಕಿದೆ, ಫೀಸೂ ಮಾಫಿ. ಫೋನಿನಲ್ಲಿ ಸಂದರ್ಶನ ಮಾಡಿದವರು ಕಾಲು ಗಂಟೆ ಕೆಂಪು ನೂಲಿನ ಚೌಕದ ಬಗ್ಗೆಯೇ ಕೇಳಿದರಂತೆ. ತ್ರಿವೇಣಿ ವಿಧವಾ ವೇತನದ ಅರ್ಜಿಯಿಂದ ತಲೆ ಎತ್ತದೆ, "ಇಪ್ಪತ್ತಾತು," ಎನ್ನುತ್ತಾರೆ, ಅಷ್ಟೇ. ಈ ಲೇಖನಕ್ಕಾಗಿ ನಿಮ್ಮ ಬಗ್ಗೆ ನೀವೇ ಎರಡು ಸಾಲು ಹೇಳಿ ಎಂದು ಕೇಳಿದರೆ ಅವರ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಡುತ್ತವೆ.

"ಅಯ್ಯೋ, ನನ್ ಬಗ್ಗೆ ಏನೈತ್ರೀ?"

ಬಿಲ್ ಪುಸ್ತಕದ ಝೆರಾಕ್ಸಿಗೆ ಬಂದಿದ್ದ ಒಬ್ಬರು ನಗುತ್ತಾರೆ. ಕೈತುಂಬ ಗ್ರೀಸು. ಇದೇ ಸಾಲಿನ ಮೋಟಾರ್ ರಿವೈಂಡಿಂಗ್ ಅಂಗಡಿಯವರು, ಅದೇ ಚಿರಂಜೀವಿ.

"ಅವರನ್ನೇನ್ ಕೇಳ್ತೀರಾ, ನಾನು ಬೈತೀನಿ ಬರ್ಕಳ್ರಿ. ನನ್ ಹಾಳೆ ಹರಿದು ಬಿಸಾಕಕ್ಕಾ ಅಂತ ಎಂಟು ವರ್ಷದಿಂದ ಬಡ್ಕಂತಿದೀನಿ. ಕೇಳಲ್ಲ. ಬಂದೋರಿಗೆಲ್ಲಾ ತೋರಿಸ್ತಾರೆ, 'ಇದು ನನ್ ತಪ್ಪು, ಹುಡುಗನ್ದಲ್ಲ' ಅಂತ. ದೀಪಾವಳಿ ಪೂಜೆ ದಿನಾನೂ ಅಂಗಡಿ ತೆಗೆದು ಯಾವ್ದೋ ಹುಡ್ಗೀದು ತಿದ್ದುತಾ ಕುಂತಿದ್ರು. ಮೊಂಡು ಹೆಂಗ್ಸು."

ತ್ರಿವೇಣಿ ಚಿರಂಜೀವಿಯವರ ಝೆರಾಕ್ಸ್ ಹಾಳೆಗಳನ್ನು ಜೋಡಿಸಿ ಕೊಡುತ್ತಾರೆ. ಆಮೇಲೆ ಹೇಳುತ್ತಾರೆ:

"ಬರ್ಕಳ್ರಿ. ಅವ್ನು ಹೇಳಿದ್ರಾಗೆ ಸುಳ್ಳೇನಿಲ್ಲ."