ಬಾಬಾಗಾಡಿಯ ಎರಡನೇ ಸೀಟು

ಈಗ ಎಲ್ಲರೂ ಸ್ಟ್ರೋಲರ್ ಅನ್ನುತ್ತಾರೆ. ತೊಂಬತ್ತರ ದಶಕದ ಕೊನೆಗೆ ಕೇಶ್ವಾಪುರದ ನಮ್ಮ ಓಣಿಯಲ್ಲಿ ಅದಕ್ಕೆ ಬಾಬಾಗಾಡಿ ಅನ್ನುತ್ತಿದ್ದರು, ಅದೂ ಮೂಗು ಮುರಿದು. ಕಾಲಲ್ಲಿ ಐಬಿರುವ ಮಕ್ಕಳಿಗೆ, ಇಲ್ಲವೇ ಮೈಗಳ್ಳ ತಾಯಂದಿರಿಗೆ ಮಾತ್ರ ಅದು ಬೇಕಾಗುತ್ತದೆ ಅನ್ನುವುದು ಅಲ್ಲಿನ ಹೆಂಗಸರ ತೀರ್ಮಾನ. ನನ್ನನ್ನು ಎರಡನೆಯ ಗುಂಪಿಗೆ ಸೇರಿಸಿದ್ದರು.

ಮೊದಲ ಹೆರಿಗೆಯಲ್ಲಿ ನನ್ನ ಸೊಂಟ ಹೋಯಿತು. ಹೋಯಿತು ಅಂದರೆ ಹೋಯಿತು, ಬಗ್ಗಿದರೆ ಏಳಲಾಗುತ್ತಿರಲಿಲ್ಲ. "ಕೂಸಿನ್ನ ಎತ್ತಬ್ಯಾಡ್ರಿ. ಕುಂತು ತೊಡಿ ಮ್ಯಾಲೆ ತಗೋರಿ, ಅಷ್ಟ," ಅಂದಿದ್ದರು ಡಾಕ್ಟರಮ್ಮ. ನನ್ನ ಮಗನೋ ಗುಂಡುಗುಂಡಾಗಿ ಬೆಳೆದ. ಅವನನ್ನು ಕರೆದುಕೊಂಡು ಗೇಟಿನಾಚೆ ಕಾಲಿಡಬೇಕಾದರೆ ಯಾರಾದರೂ ಎತ್ತಿಕೊಳ್ಳಬೇಕು. ಗಂಡ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು, ಮನೆಗೆ ಬಂದರೆ ಊಟ, ನಿದ್ದೆ. ಉಳಿದವರು ನನ್ನ ಅತ್ತೆ.

ಅತ್ತೆ ಗಟ್ಟಿ ಹೆಂಗಸು. ಮೊಮ್ಮಗನನ್ನು ಸೊಂಟಕ್ಕೆ ಏರಿಸಿದರೆ ಮೂರು ಓಣಿ ಸುತ್ತಿ ಬರುತ್ತಿದ್ದರು. ಆದರೆ ನಾನು ಹೊರಟೆ ಅಂದರೆ ಕೋರ್ಟು ಕಚೇರಿ ಶುರುವಾಗುತ್ತಿತ್ತು. "ಎಲ್ಲಿಗೆ ಹೊಂಟಿ? ಏನ ಕೆಲಸ? ನಾಳೆ ಹೋದ್ರ ನಡೆಯೂದಿಲ್ಲೇನ?" ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ಅವರು ಸೀರೆ ಬದಲಿಸಬೇಕು, ಅಡಕೆ ಹಾಕಿಕೊಳ್ಳಬೇಕು, ಆಮೇಲೆ ನನ್ನ ಜೊತೆಗೇ ಬರಬೇಕು. ನನ್ನ ತವರು ರಾಯಾಪುರ, ಬಸ್ಸು ಹತ್ತಿದರೆ ಬಹಳ ಹೊತ್ತು ಬೇಡ. ಒಂದೂಕಾಲು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ನಾಲ್ಕು ಸಲ. ನಾಲ್ಕೂ ಸಲ ಅತ್ತೆ ನನ್ನ ಮತ್ತು ಅವ್ವನ ನಡುವೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಅವ್ವನಿಗೆ ನನ್ನ ಹತ್ತಿರ ಒಂದು ಮಾತು ಬಿಚ್ಚಿ ಆಡಲಾಗಲಿಲ್ಲ. ಅತ್ತೆಯ ಬಳೆಯ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಮಾಡಲಿ.

ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿ, ಮಗನನ್ನು ಕರೆದುಕೊಂಡು ಗೇಟು ದಾಟಬೇಕು. ಇಷ್ಟೇ ನನ್ನ ಹಟ. ಗಾಡಿ ಬೇಕಾಗಿದ್ದು ಅದಕ್ಕೆ.

ಗಾಡಿ ಕೊಳ್ಳುವ ಮಾತೆತ್ತಿದಾಗ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮಂದಿ ನೋಡಿದ್ರ ಹುಡುಗಗ ಕಾಲ ಇಲ್ಲೇನು ಅಂತಾರ," ಅಂದರು. ಗಂಡ ಎಂದಿನಂತೆ ಅತ್ತ ಅವ್ವನಿಗೂ ಹೂಂ, ಇತ್ತ ನನಗೂ ಹೂಂ. ನಾನು ಆ ಎರಡನೆಯ ಹೂಂ ಹಿಡಿದುಕೊಂಡು ಅವರನ್ನು ಎಳೆದುಕೊಂಡೇ ಅಂಗಡಿಗೆ ಹೋದೆ.

ಅಂಗಡಿಯವರು ಮೊದಲು ತೋರಿಸಿದ ಗಾಡಿಯ ಗಾಲಿ ಬಳೆಯಷ್ಟಿದ್ದವು. ನಮ್ಮ ಓಣಿಯ ಗಟಾರದ ಕಲ್ಲಿನ ಸಂದಿಗೆ ಸಿಕ್ಕರೆ ಗಾಡಿ ಅಲ್ಲೇ, ಮಗ ಮುಂದೆ. ಇನ್ನೊಂದರ ಸೀಟು ಎತ್ತರ. ನನಗೆ ಎತ್ತಿ ಕೂರಿಸಲಾಗುವುದಿಲ್ಲ, ಅವನೇ ಹತ್ತಿ ಕೂರುವಷ್ಟು ತಗ್ಗಿರಬೇಕು. ಮೂರನೆಯದರ ಬ್ರೇಕು ಕೈಯಿಂದ ಹಾಕಬೇಕು, ಅಂದರೆ ಬಗ್ಗಬೇಕು. "ನಿಮಗ ಗಾಡಿ ಬೇಕೋ ವಿಮಾನ ಬೇಕೋ?" ಅಂದರು ಅಂಗಡಿಯವರು. ಗಂಡ ನಕ್ಕರು. ನಾನು ನಗಲಿಲ್ಲ.

ಒಳಗಿನಿಂದ ಅವರು ಕೊನೆಗೊಂದು ತಂದರು. ಅಕ್ಕಪಕ್ಕ ಎರಡು ಸೀಟು, ದೊಡ್ಡ ಗಾಲಿ, ಕಾಲಲ್ಲಿ ಒತ್ತುವ ಬ್ರೇಕು. "ಅವಳಿ ಮಕ್ಕಳಿಗಂತ ಒಬ್ರು ಮುಂಬೈನಿಂದ ತರಸ್ರಿ ಅಂದಿದ್ರು. ಆಮ್ಯಾಲೆ ವರ್ಗ ಆಗಿ ಹ್ವಾದ್ರು." ಮಗ ಹೇಳುವ ಮೊದಲೇ ಹತ್ತಿ ಕೂತ. ಆಗ ನಾನು ಮತ್ತೆ ಬಸುರಿ, ಎರಡು ತಿಂಗಳು ತುಂಬಿತ್ತು. ಗೊತ್ತಿದ್ದದ್ದು ಮನೆಯಲ್ಲಿ ಮೂವರಿಗೆ ಮಾತ್ರ, ಮೂರು ತಿಂಗಳು ಮುಗಿಯುವ ತನಕ ಹೊರಗೆ ಬಾಯಿ ಬಿಡಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಇವತ್ತು ಒಂದು ಸೀಟಿನದು ತಂದರೆ ಮುಂದಿನ ವರ್ಷ ಮತ್ತೆ ಇದೇ ಜಗಳ. ಗೇಟಿನ ಅಗಲವನ್ನು ಲಾಡಿಯಲ್ಲಿ ಅಳೆದು ತಂದಿದ್ದೆ. ಎರಡು ಬೆರಳು ಉಳಿಯಿತು. ಇದೇ ಇರಲಿ ಅಂದೆ.

ಅತ್ತೆ ಗೇಟಿನಲ್ಲೇ ತಡೆದರು. ಮಗ ಕೂತ ಸೀಟನ್ನು ನೋಡಲಿಲ್ಲ, ಪಕ್ಕದ ಸೀಟನ್ನೇ ನೋಡುತ್ತ ನಿಂತರು.

"ಇದರಾಗ ಯಾರನ್ನ ಕುಂದರಸ್ತಿ?"

"ಮುಂದ ಬೇಕಾಗತೈತಲ್ರಿ."

"ಬರೇ ತೊಟ್ಟಲಾ ತೂಗಬಾರದು ಅಂತ ನಿಮ್ಮವ್ವ ಹೇಳಿಲ್ಲೇನ ನಿನಗ? ಹೊಟ್ಟ್ಯಾಗ ಇಟ್ಕೊಂಡು ಬರೇ ಸೀಟ ದಬ್ಬಿಕೋತ ಊರ ತಿರಗತೀನಿ ಅಂತಿಯಲ್ಲ."

ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು ಅನ್ನುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಇದು ತೊಟ್ಟಿಲಲ್ಲ, ಗಾಡಿ ಅಂದೆ. ಕೂಸು ಮಲಗುವುದೆಲ್ಲ ತೊಟ್ಟಿಲೇ ಅಂದರು. ನನ್ನ ಅವ್ವನನ್ನು ನಡುವೆ ಎಳೆದದ್ದಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. ಗಾಡಿಯನ್ನು ಒಳಗೆ ನೂಕಿಯೇಬಿಟ್ಟೆ, ಅವರು ಪಕ್ಕಕ್ಕೆ ಸರಿಯಬೇಕಾಯಿತು.

ಮರುದಿನ ಎದ್ದು ನೋಡಿದರೆ ಎರಡನೇ ಸೀಟಿನಲ್ಲಿ ಗುಂಡಕಲ್ಲು ಕೂತಿತ್ತು. ಚಟ್ನಿ ಅರೆಯುವ, ಕರಿಯ, ಉದ್ದನೆಯ ಕಲ್ಲು. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡಕಲ್ಲಿಗೆ ಬಟ್ಟೆ ತೊಡಿಸಿ, ತೊಟ್ಟಿಲ ಕೆಳಗೂ ಮೇಲೂ ದಾಟಿಸಿ ಮಲಗಿಸುತ್ತೇವೆ, ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಅಂತ. ಅತ್ತೆ ಅದರ ತಲೆಗೆ ನನ್ನ ಮಗ ಎಳೆಗೂಸಾಗಿದ್ದಾಗ ಕಟ್ಟುತ್ತಿದ್ದ ಕುಂಚಿಗೆ ತೊಡಿಸಿ, ಬೆಲ್ಟು ಕಟ್ಟಿ, ಹಣೆ ಇರಬೇಕಾದ ಕಡೆ ಕಾಡಿಗೆಯ ಬೊಟ್ಟನ್ನೂ ಇಟ್ಟಿದ್ದರು.

"ಕೂಸು ಹುಟ್ಟೂತನಾ ಇದು ಕುಂದರತೈತಿ. ಇದನ್ನ ತಗದ್ರ ಗಾಡಿ ಹೊರಗ ಹೋಗಂಗಿಲ್ಲ."

ಗಂಡನಿಗೆ ಹೇಳಿದೆ. ಅವರು ಕಲ್ಲನ್ನೂ ನನ್ನನ್ನೂ ನೋಡಿದರು. "ಇರ್ಲಿ ಬಿಡ. ಅದೇನ ಅನ್ನ ಕೇಳತೈತೇನ?" ಅಂದು ಟಿಫಿನ್ ಡಬ್ಬಿ ಹಿಡಿದು ಹೋದರು. ಅವತ್ತು ಅವರ ಮುಖ ನೋಡಲೂ ನನಗೆ ಮನಸ್ಸಾಗಲಿಲ್ಲ.

ಐದು ದಿನ ಗಾಡಿ ಪಡಸಾಲೆಯಲ್ಲೇ ನಿಂತಿತು. ಆರನೆಯ ದಿನ ನಾನು ಸೋತೆ. ಮಗನನ್ನು ಹತ್ತಿಸಿಕೊಂಡು, ಪಕ್ಕದಲ್ಲಿ ಕಲ್ಲನ್ನು ಕೂರಿಸಿಕೊಂಡು ಹೊರಟೆ. ಓಣಿಯ ಹೆಂಗಸರು ಕುಂಚಿಗೆ ಕಂಡು ಹತ್ತಿರ ಬಂದರು. "ಅಯ್ಯ, ಎರಡನೇದು ಯಾವಾಗ ಆತ್ರಿ?" ಅಂತ ಬಗ್ಗಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. "ಛಲೋ ಐತ್ರಿ, ಅಪ್ಪನ್ಹಂಗ ಬಣ್ಣ," ಅಂದಳು ಒಬ್ಬಳು. ಮೂರು ತಿಂಗಳು ಮುಚ್ಚಿಡಬೇಕಾದ ಸಂಗತಿ ಮೂರು ನಿಮಿಷದಲ್ಲಿ ಕೇಶ್ವಾಪುರಕ್ಕೆಲ್ಲ ಗೊತ್ತಾಯಿತು. ಅದನ್ನು ಡಂಗುರ ಸಾರಿದ್ದು ಅತ್ತೆಯ ಕಲ್ಲೇ. ಅವರಿಗೆ ಅದನ್ನು ಹೇಳಿದೆ. ಅವರು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದರು.

ಮಗನ ಭಾರದ ಜೊತೆ ಕಲ್ಲಿನ ಭಾರವೂ ಸೇರಿ ಗಾಡಿ ಮುಂದೆ ಸರಿಯುತ್ತಲೇ ಇರಲಿಲ್ಲ. ಓಣಿ ಮುಗಿದಲ್ಲಿ ಒಂದು ಏರು ಇದೆ, ಮೊದಲ ದಿನ ಅದನ್ನು ಹತ್ತಿಸುವಾಗ ಸೊಂಟ ಕಳಚಿ ಬಿದ್ದಂತಾಯಿತು. ಏರಿನ ಬುಡದಲ್ಲಿ ನಾವು ಜೋಳ ಬೀಸಿಸುವ ಹಿಟ್ಟಿನ ಗಿರಣಿ. ಎರಡನೆಯ ದಿನವೇ ಗಿರಣಿಯ ಕಾಕಾನನ್ನು ಕೇಳಿದೆ: "ಇದನ್ನ ಇಲ್ಲೆ ಇಟ್ಟು ಹೋಗ್ಲೇನ್ರಿ? ಬರೂವಾಗ ಒಯ್ತೀನಿ." ಮೈತುಂಬ ಹಿಟ್ಟಾಗಿದ್ದ ಆ ಮನುಷ್ಯ ಏನೂ ಕೇಳಲಿಲ್ಲ. ಕಲ್ಲನ್ನು ಅವರೇ ಎತ್ತಿ, ಕುಂಚಿಗೆಯ ಸಮೇತ ಮರದ ಬಾಕಿನ ಮೇಲಿಟ್ಟರು.

ಅಲ್ಲಿಂದ ಮುಂದೆ ಮೂರು ವಾರ ನಾನು ರಾಣಿ. ಕಾಯಿಪಲ್ಲೆ ತಂದೆ, ಬಟ್ಟೆ ಅಂಗಡಿಗೆ ಹೋಗಿ ಏನೂ ಕೊಳ್ಳದೆ ಬಂದೆ. ಎರಡು ಸಲ ಗಾಡಿ ಮಡಚಿ ಆಟೋಕ್ಕೆ ಹಾಕಿಸಿಕೊಂಡು ರಾಯಾಪುರಕ್ಕೆ ಹೋಗಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಖಾಲಿ ಸೀಟಿನಲ್ಲಿ ಮೆಂತ್ಯದ ಸಿವುಡೋ ಮಗನ ಚಪ್ಪಲಿಯೋ ಇರುತ್ತಿತ್ತು. ಬರುವಾಗ ಗಿರಣಿಯಲ್ಲಿ ನಿಂತು ಕಾಕಾನ ಕೈಯಿಂದ ಕಲ್ಲನ್ನು ಕೂರಿಸಿಕೊಳ್ಳುತ್ತಿದ್ದೆ. ಗೇಟಿನಲ್ಲಿ ಅತ್ತೆ ಕಲ್ಲನ್ನು ನೋಡಿ ತಲೆಯಾಡಿಸುತ್ತಿದ್ದರು. ನನಗೆ ಒಳಗೊಳಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಆಮೇಲೆ ಒಂದು ಮಧ್ಯಾಹ್ನ, ಬಟ್ಟೆ ಒಣಹಾಕುತ್ತಿದ್ದಾಗ, ಹೊಟ್ಟೆ ಹಿಂಡಿತು. ಸಂಜೆಯೊಳಗೆ, ಆಸ್ಪತ್ರೆಯಲ್ಲಿ, ಎಲ್ಲ ಮುಗಿದಿತ್ತು. ಡಾಕ್ಟರಮ್ಮ ನನ್ನ ಕೈ ಹಿಡಿದು, "ಹತ್ರಾಗ ಒಬ್ಬಿಬ್ಬರಿಗೆ ಹಿಂಗ ಆಗತೈತ್ರಿ. ನೀವು ಏನೂ ಮಾಡಿದ್ದಕ್ಕಲ್ಲ," ಅಂದರು. ಅತ್ತೆ ಹೊರಗೆ ಬೆಂಚಿನ ಮೇಲಿದ್ದರು. ಆ ಮಾತು ಅವರಿಗೆ ಕೇಳಿಸಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಬಂದ ಮೂರನೆಯ ದಿನ ಅತ್ತೆ ಚಹಾ ತಂದು ಮಂಚದ ಪಕ್ಕ ನಿಂತರು. ಅವರು ಬೈಯುತ್ತಾರೆ ಅಂತ ಕಾದಿದ್ದೆ, ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ಕಲ್ಲು ಭಾರ ಆಗಿತ್ತೇನ?"

ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೂರು ದಿನದಿಂದ ಅವರು ಅದನ್ನೇ ಎಣಿಸಿಕೊಂಡು ಕೂತಿದ್ದಾರೆ: ಬಸುರಿ ಸೊಸೆಯ ಕೈಯಲ್ಲಿ ದಿನಾ ಕಲ್ಲು ದಬ್ಬಿಸಿದೆ ಅಂತ.

"ಹೌದ್ರಿ," ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಏರಿನ್ಯಾಗ ಭಾಳ ತ್ರಾಸ ಆಗತಿತ್ತು. ಹೊಟ್ಟಿ ಹಿಡಕೊಂಡು ದಬ್ಬತಿದ್ದೆ. ನಿಮಗ ಹೇಳಿದ್ರ ನೀವು ಕೇಳಬೇಕಲ್ಲ."

ಅವರಿಗೆ ನೋಯಬೇಕು ಅಂತಲೇ ಹೇಳಿದೆ. ನನಗೆ ನೋಯುತ್ತಿತ್ತು, ಅವರಿಗೂ ನೋಯಲಿ. ಅವರು ಕಪ್ಪನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದರು. ಅವತ್ತು ಅವರು ಊಟಕ್ಕೆ ಕೂರಲಿಲ್ಲ.

ಅಲ್ಲಿಂದ ಮನೆ ನನ್ನದಾಯಿತು. ಗುಂಡಕಲ್ಲು ಮಂಚದ ಕೆಳಗೆ ಗೋಣಿಚೀಲದೊಳಗೆ ಸೇರಿತು. ನಾನು ಚಪ್ಪಲಿ ಮೆಟ್ಟಿದರೆ ಅತ್ತೆ ತಾವೇ ಬಂದು ಗೇಟು ತೆರೆಯುತ್ತಿದ್ದರು, ತಲೆ ತಗ್ಗಿಸಿಕೊಂಡು. ಎಲ್ಲಿಗೆ, ಏನು ಕೆಲಸ, ಒಂದೂ ಇಲ್ಲ. ದನಿ ಸಣ್ಣದಾಗಿತ್ತು, ಸೊಂಟಕ್ಕೆ ಮೊಮ್ಮಗನನ್ನು ಏರಿಸುವುದನ್ನೂ ಬಿಟ್ಟರು. ನನಗೆ ಕನಿಕರ ಬರಲಿಲ್ಲ. ಒಂದೂಕಾಲು ವರ್ಷ ನನ್ನನ್ನು ಕಟ್ಟಿಹಾಕಿದವರು, ಅನುಭವಿಸಲಿ ಅಂದುಕೊಂಡೆ. ನಾಲ್ಕು ತಿಂಗಳು ಹೀಗೇ ನಡೆಯಿತು.

ಗಿರಣಿಯ ಕೆಲಸ ಮಾತ್ರ ನಾನೇ ವಹಿಸಿಕೊಂಡಿದ್ದೆ. ಕಾಕಾ ಬಾಯಿ ಬಿಟ್ಟರೆ ಕಷ್ಟ ಅನ್ನುವ ಭಯ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಜೋಳದ ಡಬ್ಬಿಯನ್ನು ಗಂಡನ ಕೈಯಿಂದ ಎರಡನೇ ಸೀಟಿನಲ್ಲಿ ಇಡಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಅತ್ತೆ ಅದನ್ನು ಕಂಡರು. ಸರಸರ ಬಂದು ಡಬ್ಬಿಯನ್ನು ಎತ್ತಿಕೊಂಡರು.

"ನೀ ಭಾರ ದಬ್ಬಬ್ಯಾಡ. ನಾ ಒಯ್ತೀನಿ."

"ಬ್ಯಾಡ್ರಿ, ನಾನ ಹೋಗ್ತೀನಿ, ಇರ್ಲಿ ಬಿಡ್ರಿ," ಅಂದೆ. ಡಬ್ಬಿಗೆ ಕೈ ಹಾಕಿ ಎಳೆದೂ ನೋಡಿದೆ. ಅವರು ಬಿಡಲಿಲ್ಲ. ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟರು. ನಾನು ಗೇಟು ಹಿಡಿದುಕೊಂಡು ನಿಂತೆ. ಮಗ ಗಾಡಿಯಲ್ಲಿ ಕೂತು ಹೊರಡು ಅಂತ ಕಾಲು ಬಡಿಯುತ್ತಿದ್ದ.

ಅವರು ಮರಳಿ ಬಂದಾಗ ಬಿಸಿಲು ಏರಿತ್ತು. ಬಿಸಿ ಹಿಟ್ಟಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಗಿರಣಿ ಕಾಕಾ ಕೇಳಿದಾ. ನಿಮ್ಮ ಸೊಸಿ ಈಗ ಕಲ್ಲ ಇಡಾಕ ಬರೂದಿಲ್ಲಲ್ರಿ ಅಂತ."

ನಾನು ಬೈಗುಳಕ್ಕೆ ಕಾದೆ. ಗಂಡನಿಗೆ ಹೇಳುತ್ತಾರೆ, ಓಣಿಗೆಲ್ಲ ಹೇಳುತ್ತಾರೆ, ತವರಿಗೆ ಅಟ್ಟುತ್ತಾರೆ, ಏನೇನೋ ತಲೆಯಲ್ಲಿ ಹಾದುಹೋಯಿತು. ಅತ್ತೆ ತಮ್ಮ ಅಂಗೈಗಳನ್ನು ನೋಡಿಕೊಂಡರು. ಕೈಯ ಮೇಲೆಲ್ಲ ಹಿಟ್ಟಾಗಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಹಂಗಾರ ಅದು ನನ್ನಿಂದ ಆಗಿದ್ದಲ್ಲ," ಅಂದರು.

ಯಾರಿಂದ ಆಯಿತು ಅನ್ನುವುದನ್ನೂ ಹೇಳಲಿ ಅಂತ ನಾನು ನಿಂತೇ ಇದ್ದೆ. ಮೂರು ವಾರ ಖಾಲಿ ಸೀಟು ದಬ್ಬಿಕೊಂಡು ಊರು ತಿರುಗಿದವಳು ಅವರ ಎದುರಿಗೇ ಇದ್ದೆ. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವತ್ತೂ, ಆಮೇಲೆಯೂ. ಎದ್ದು ಕೈ ತೊಳೆದುಕೊಂಡು ಹಿಟ್ಟು ಕಲಸಲು ಕೂತರು. ಡಾಕ್ಟರಮ್ಮನ ಮಾತನ್ನು ಆಗಲಾದರೂ ಹೇಳಬೇಕಿತ್ತು. ಅದು ಯಾರಿಂದಲೂ ಆದದ್ದಲ್ಲ ಅಂತ ಹೇಳಲು ನಾಲ್ಕು ತಿಂಗಳು ತಡವಾಗಿತ್ತು, ಇನ್ನು ನನ್ನ ಮಾತನ್ನು ಅವರು ಯಾಕೆ ನಂಬಬೇಕು.

ಮರುದಿನ ಬೆಳಿಗ್ಗೆ ಮಗನನ್ನು ಗಾಡಿಗೆ ಹತ್ತಿಸಿ ಚಪ್ಪಲಿ ಮೆಟ್ಟಿದೆ. ಅತ್ತೆ ಗೇಟು ತೆರೆಯಲು ಬರಲಿಲ್ಲ. ಅಡುಗೆಮನೆಯಿಂದ ಮೊದಲಿನ ಗಟ್ಟಿ ದನಿಯಲ್ಲೇ ಕೇಳಿದರು: "ಎಲ್ಲಿಗೆ ಹೊಂಟಿ?"

ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವರೆದುರು ನಿಂತು, ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಬರುತ್ತೇನೆ, ಎಲ್ಲ ಹೇಳಿದೆ.