ಮೊದಲೇ ಬರೆದಿಟ್ಟ ಸೊನ್ನೆಗಳು

ಅಟ್ಟೂರಿನಲ್ಲಿ ಕೆರೆ ಏರಿ ದಾಟಿದರೆ ಕಣ್ಣು ಹಾಯುವಷ್ಟು ದೂರ ಬರೀ ರಾಗಿ ಹೊಲವಿದ್ದ ಕಾಲ ಅದು. ಎಪ್ಪತ್ತರ ದಶಕದ ಕೊನೆ, ನನಗೆ ಹನ್ನೊಂದು ವರ್ಷ. ಒಂದು ಕಡೆ ನಿಂತರೆ ಅಂಗಾಲು ತುರಿಸುವ ಜಾತಿಯ ಹುಡುಗಿ ನಾನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯ ಎಂದು ಅಮ್ಮಿ ಬೈಯುತ್ತಿದ್ದಳು. ಇಂಥವಳ ಕೈಗೆ ಅಬ್ಬಾ ಮಳೆ ಲೆಕ್ಕದ ಪುಸ್ತಕ ಕೊಟ್ಟು ಹೋದರಲ್ಲ, ಅದು ಅವರದೇ ತಪ್ಪು ಎಂದು ಇವತ್ತಿಗೂ ವಾದ ಮಾಡಬಲ್ಲೆ.

ಅಬ್ಬಾ ಮಳೆ ಅಳೆಯುವ ಕೆಲಸದಲ್ಲಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಕೆರೆ ಹತ್ತಿರದ ಮಳೆಮಾಪಕದ ಬಾಟಲಿಯಲ್ಲಿ ನೀರಿದ್ದರೆ ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು ನೋಡಬೇಕು, ಪಕ್ಕದ ಕಾಲುವೆಯ ಕಲ್ಲಿಗೆ ಬಳಿದ ಅಳತೆಪಟ್ಟಿ ನೋಡಬೇಕು, ಎರಡನ್ನೂ ಶಾಯಿಯಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಆ ಹಾಳೆ ಆಫೀಸಿಗೆ ಹೋಗುತ್ತಿತ್ತು. ಮನೆಯಲ್ಲಿ ದಖನಿ ಆಡುತ್ತಿದ್ದರೂ ಕೆಲಸದ ಮಾತು ಬಂದರೆ ಅಬ್ಬಾ ಕನ್ನಡಕ್ಕೆ ಬರುತ್ತಿದ್ದರು.

"ನಮ್ ಕಾಲುವೆ ನೀರು ಯಲಹಂಕ ಕೆರೆಗೆ ಹೋಗುತ್ತೆ. ಅಲ್ಲಿಂದ ಕೆರೆ ಕೆರೆ ಇಳ್ಕೊಂಡು ಪಿನಾಕಿನಿ ಸೇರುತ್ತೆ. ದಾರೀಲಿರೋ ಎಲ್ಲಾ ಊರಿನ ಹಾಳೆ ಒಟ್ಟಿಗಿಟ್ಟು ನೋಡಿದ್ರೇನೇ ನದಿ ಹೆಂಗಿದೆ ಅಂತ ಗೊತ್ತಾಗೋದು. ಒಬ್ಬ ಸುಳ್ಳು ಬರೆದ್ರೂ ಲೆಕ್ಕ ಕೆಡುತ್ತೆ."

ಅವರದು ಇನ್ನೂ ದಿನಗೂಲಿ. ಆ ವರ್ಷ ಕಾಯಂ ಮಾಡುತ್ತಾರೆಂಬ ಮಾತಿತ್ತು.

ಅದೇ ವರ್ಷ ಮಳೆಗಾಲ ಕೈಕೊಟ್ಟಿತು. ಶ್ರಾವಣ ಬಂದರೂ ಕೆರೆಯಂಗಳ ಬಿರುಕು ಬಿಟ್ಟು ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಬಾವಿಗೆ ಒಂದು ಹಗ್ಗ ಸಾಲದೆ ಎರಡನ್ನು ಗಂಟು ಹಾಕಿ ಇಳಿಬಿಡುತ್ತಿದ್ದರು. ಮುದ್ದೆ ತಿಂದ ತಟ್ಟೆಯನ್ನು ಬೂದಿಯಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸಿಡುತ್ತಿದ್ದೆವು. ಅಂಥ ಹೊತ್ತಿನಲ್ಲಿ ಹಿಂದೂಪುರದ ಚಾಚಾ ಕಾಲು ಮುರಿದುಕೊಂಡರು. ಅಬ್ಬಾ ಹತ್ತು ದಿನಕ್ಕೆಂದು ಹೊರಟರು. ಅಮ್ಮಿಗೆ ಓದು ಬರಹ ಬರುತ್ತಿರಲಿಲ್ಲ.

"ನಿನ್ನ ಅಕ್ಷರ ಚೆನ್ನಾಗಿದೆ," ಎಂದರು ನನಗೆ. "ದಿನಾ ಹೋಗಿ ನೋಡಿ ಬರಿ. ನೋಡದೆ ಬರೀಬೇಡ, ಆಯ್ತಾ?"

ಮೂರು ದಿನ ನೋಡಿಯೇ ಬರೆದೆ. ಸೊನ್ನೆ, ಸೊನ್ನೆ, ಸೊನ್ನೆ. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆ ಲಕ್ಷ್ಮಕ್ಕನ ಮಗಳು ಜಯ ಕುಂಟೆಬಿಲ್ಲೆಗೆ ಮನೆ ಬರೆದು ನನ್ನನ್ನು ಕೂಗುತ್ತಿದ್ದಳು. ನಾಲ್ಕನೆಯ ದಿನ ತಲೆಯೆತ್ತಿ ನೋಡಿದೆ, ಒಂದು ತುಂಡು ಮೋಡವೂ ಇರಲಿಲ್ಲ. ಬಾರದ ಮಳೆಗೆ ದಿನಾ ಯಾಕೆ ನಡೆದು ಸಾಯಬೇಕು? ಅಲ್ಲೇ ಏರಿ ಮೇಲೆ ಕೂತು, ಆ ದಿನವೂ ಸೇರಿ ಉಳಿದ ಏಳೂ ದಿನಕ್ಕೆ ದುಂಡಗೆ ಸೊನ್ನೆ ಬರೆದು ಮುಗಿಸಿ ಆಟಕ್ಕೆ ಓಡಿದೆ. ಎಷ್ಟು ಹಗುರಾಯಿತೆಂದರೆ ಜಯಳನ್ನು ಎರಡು ಸಲ ಸೋಲಿಸಿದೆ.

ಆರನೆಯ ದಿನ ಸಂಜೆ ಗುಡುಗಿತು. ಮೊದಲು ದಪ್ಪ ದಪ್ಪ ಹನಿ, ಮಣ್ಣಿನ ವಾಸನೆ, ಆಮೇಲೆ ಧೋ ಎಂದು ಹೊಯ್ಯತೊಡಗಿತು. ಊರಿಗೆ ಊರೇ ಬೀದಿಗೆ ಬಂತು. ಕೊಡ, ಬೋಸಿ, ಬಕೆಟ್ಟು, ಕೊನೆಗೆ ಹಿಟ್ಟಿನ ಡಬ್ಬವನ್ನೂ ಖಾಲಿ ಮಾಡಿ ಸೂರಿನ ಕೆಳಗೆ ಇಟ್ಟರು. ಅಮ್ಮಿ ಅಂಗಳದಲ್ಲಿ ಎರಡೂ ಕೈ ಚಾಚಿ ನಿಂತು ನಗುತ್ತಿದ್ದಳು. ಅವಳು ಹಾಗೆ ನಕ್ಕು ತಿಂಗಳುಗಳಾಗಿದ್ದವು.

"ಯಾಕ್ ಮಗಾ ಇಂಗೆ ಮೂಲೇಲಿ ಕುಂತಿದ್ದೀ?" ಎಂದು ಲಕ್ಷ್ಮಕ್ಕ ಬಾಗಿಲಿಂದ ಕೂಗಿದಳು. "ಬಾ, ನೆನಿ ಬಾ!"

ನಾನು ಪುಸ್ತಕ ಅವಚಿಕೊಂಡು ಕೂತಿದ್ದೆ. ಶಾಯಿ ಅಳಿಸಲು ಬರುವುದಿಲ್ಲ. ತಿದ್ದಿದರೆ ಆಫೀಸಿನವರು ಅನುಮಾನಪಡುತ್ತಾರೆ. ಅಬ್ಬಾನ ಕೆಲಸ ಹೋದರೆ? ಕಣ್ಣು ಮುಚ್ಚಿ, ನಮಾಜಿನಲ್ಲಿ ಎಂದೂ ತೋರಿಸದ ಶ್ರದ್ಧೆಯಿಂದ ಬೇಡಿದೆ. ಯಾ ಅಲ್ಲಾ, ಮಳೆ ನಿಲ್ಲಿಸು. ಅಬ್ಬಾ ಬರುವವರೆಗೆ ಇನ್ನೊಂದು ಹನಿಯೂ ಬೀಳದಿರಲಿ.

ಅರ್ಧ ಗಂಟೆಯಲ್ಲಿ ನಿಂತೇಹೋಯಿತು.

ಬೆಳಿಗ್ಗೆ ಅಳೆದರೆ ಮೂವತ್ತೆಂಟು ಮಿಲಿಮೀಟರ್. ಕಾಲುವೆಯಲ್ಲಿ ಮಾತ್ರ ನೀರಿರಲಿಲ್ಲ, ಒಣಗಿದ ನೆಲ ಅಷ್ಟನ್ನೂ ಕುಡಿದಿತ್ತು. ಏನು ಮಾಡಬೇಕೆಂದು ತೋಚದೆ ಲೋಟದ ನೀರನ್ನು ಮತ್ತೆ ಬಾಟಲಿಗೇ ಸುರಿದಿಟ್ಟು ಬಂದೆ. ಮುಂದಿನ ಮೂರು ದಿನ ಹನಿ ಬೀಳಲಿಲ್ಲ. ಊರಿನವರು ಗಳಿಗೆಗೊಮ್ಮೆ ಆಕಾಶ ನೋಡುತ್ತಿದ್ದರು. ನಾನು ಅವರ ಮುಖ ನೋಡಲಾಗದೆ ಒಳಕ್ಕೂ ಹೊರಕ್ಕೂ ತಿರುಗುತ್ತಿದ್ದೆ. ಕುಂಟೆಬಿಲ್ಲೆ ಬೇಡವಾಯಿತು, ಊಟ ಸೇರಲಿಲ್ಲ.

ಅಬ್ಬಾ ಬಂದು ಚಪ್ಪಲಿ ಬಿಡುವ ಮೊದಲೇ ಸೊನ್ನೆಗಳ ವಿಷಯ ಹೇಳಿಬಿಟ್ಟೆ. ಬೈಯಲಿಲ್ಲ. ನನ್ನ ಕೈ ಹಿಡಿದು ಮಾಪಕದ ಹತ್ತಿರ ಕರೆದುಕೊಂಡು ಹೋದರು. ನೀರನ್ನು ಲೋಟಕ್ಕೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿದು, "ಅಳೆದಿರೋದು ಸರಿಯಾಗೇ ಇದೆ," ಎಂದರು. ಒಂದು ಸೊನ್ನೆ ಹೊಡೆದುಹಾಕಿ ಮೂವತ್ತೆಂಟು ಬರೆದರು. ಪಕ್ಕದಲ್ಲಿ 'ನಾನು ಊರಿನಲ್ಲಿರಲಿಲ್ಲ, ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದರು. ಆಗ ನನಗೆ ತಡೆಯಲಾಗಲಿಲ್ಲ.

"ಅಬ್ಬಾ, ಮಳೆ ನಿಂತಿದ್ದೂ ನನ್ನಿಂದಾನೇ. ನಿಲ್ಲಲಿ ಅಂತ ನಾನೇ ಕೇಳ್ಕೊಂಡೆ."

ಹುಚ್ಚಿ ಎಂದು ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ಇನ್ಮೇಲೆ ಹಂಗೆ ಕೇಳ್ಬೇಡ ಬೇಟಿ," ಎಂದರು ಅಷ್ಟೆ.

ಆ ವರ್ಷ ಅವರನ್ನು ಕಾಯಂ ಮಾಡಲಿಲ್ಲ. ಆ ಹಾಳೆಯಿಂದಲೋ, ಬೇರೆ ಕಾರಣಕ್ಕೋ, ಅವರು ಎಂದೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಎಷ್ಟೋ ವರ್ಷ ಮಳೆ ತಡವಾದಾಗಲೆಲ್ಲ ಇದೂ ನನ್ನಿಂದಲೇ ಎನ್ನಿಸುತ್ತಿತ್ತು.

ಈಗ ಆ ಕಾಲುವೆ ಎಲ್ಲಿತ್ತೆಂದು ತೋರಿಸಬೇಕಾದರೆ ಎರಡು ಬಡಾವಣೆಗಳ ನಡುವೆ ನಾನೇ ತಡವರಿಸುತ್ತೇನೆ. ಮೊನ್ನೆ ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಂತಿತ್ತು. ಹೊರಗೆ ಜೋರು ಮಳೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಫೋನಿನಲ್ಲಿ, "ಈ ದರಿದ್ರ ಮಳೆ ಯಾವಾಗ್ ನಿಲ್ಲುತ್ತೋ ಗುರು," ಎಂದಳು. ಹಿಂದಿನ ಸೀಟಿನವರೂ ಹೌದು ಹೌದು ಎಂದರು. ಮನೆ ಸೇರುವ ಅವಸರದಲ್ಲಿ ನಾನೂ ಅಂದೆ, ಸಾಕಪ್ಪ, ನಿಲ್ಲಲಿ. ಅಂದವಳು ಸುಮ್ಮನೆ ಕೂತು ಕಾದೆ, ಒಳಗೆ ಎಲ್ಲಾದರೂ ಚುರುಕ್ಕೆನ್ನುತ್ತದೇನೋ ಎಂದು. ಏನೂ ಅನ್ನಿಸಲಿಲ್ಲ.